ಕವುಚಿ ಇಟ್ಟ ಹಾಳೆ

ಜೂನ್ ಹತ್ತು, ಮಂಗಳವಾರ, ಬೆಳಿಗ್ಗೆ ಏಳೂ ಮುಕ್ಕಾಲು. ಸುಳ್ಯದ ನನ್ನ ಬಾಡಿಗೆ ಕೋಣೆಯಲ್ಲಿ ಕಾವಲಿಯ ಮೇಲೆ ದೋಸೆ ಹರಡಿದ್ದೆ, ಫೋನ್ ಬಂತು. ಮರ್ಕಂಜದ ಕಡೆಯ ಒಂದು ಬೈಲಿನ ಆಶಾ ಕಾರ್ಯಕರ್ತೆ. ಬೈಲು ಅಂದರೆ ನಮ್ಮ ಕಡೆ ಎರಡು ಗುಡ್ಡಗಳ ನಡುವೆ, ನೀರು ಹರಿಯುವ ತೋಡಿನ ಬದಿಯಲ್ಲಿ ಹರಡಿಕೊಂಡ ಹತ್ತಿಪ್ಪತ್ತು ಮನೆಗಳು.

"ತಂಗಿ, ಹಾಳೆ ಶೆಡ್ಡಿನ ಹೆಂಗಸಿಗೂ ಡೆಂಗಿಯೇ ಅಂತೆ. ಬೈಲಿನಲ್ಲಿ ಈಗ ಮೂರಾಯ್ತು. ಎಲ್ಲರೂ ಶೆಡ್ಡಿನ ಕಡೆಗೇ ಬೆರಳು ತೋರಿಸ್ತಾ ಇದ್ದಾರೆ. ನಿಮ್ಮ ಡಾಕ್ಟ್ರು ಏನಾದರೂ ತೀರ್ಮಾನ ಮಾಡುವ ಮೊದಲು ನೀನೊಮ್ಮೆ ಬಂದು ಹೋಗು ಮಾರಾಯ್ತಿ."

ದೋಸೆ ಕರಟಿತು. ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಅದೇ. ಪಿಯುಸಿಯಿಂದ ನನಗೆ ತಾರೀಕು ಹಾಕಿ ಬರೆಯುವ ಅಭ್ಯಾಸ. ಎಷ್ಟು ಗಂಟೆಗೆ ಮಳೆ ಹಿಡಿಯಿತು, ಪುತ್ತೂರಿನ ಬಸ್ಸು ಎಷ್ಟು ತಡವಾಯಿತು, ಎಷ್ಟು ಜನ ನಿಂತಿದ್ದರು, ಎಲ್ಲವನ್ನೂ ಬರೆದುಕೊಳ್ಳುತ್ತೇನೆ. ಈ ಚಟವೇ ನನಗೆ ಕೆಲಸ ಕೊಡಿಸಿತು ಎಂದು ಪುತ್ತೂರಿನಲ್ಲಿ ಮನೆಯವರು ಇವತ್ತಿಗೂ ನಗುತ್ತಾರೆ.

ಆ ಕೆಲಸದ ಬಗ್ಗೆ ಮೊದಲು ಹೇಳಬೇಕು. ಹೊರದೇಶದ ಹಣದಿಂದ ನಡೆಯುವ ಒಂದು ಯೋಜನೆ ಅದು. ಸುಳ್ಯ, ಕಡಬ ತಾಲೂಕುಗಳ ಕಾಡಂಚಿನ ಕೆಲವು ಊರುಗಳಲ್ಲಿ ಕಾಡಿನ ರಕ್ಷಣೆ, ಜನರ ಆರೋಗ್ಯ, ಮನೆಯ ಸಂಪಾದನೆ ಮೂರನ್ನೂ ಒಟ್ಟಿಗೆ ಸುಧಾರಿಸುವುದು ಅದರ ಉದ್ದೇಶ. ಕಚೇರಿಯ ಗೋಡೆಯಲ್ಲಿ ಒಂದರೊಳಗೊಂದು ಹೊಕ್ಕ ಮೂರು ವೃತ್ತಗಳ ಬಣ್ಣದ ಚಿತ್ರವಿದೆ. ಮೂರೂ ಸೇರುವ ನಡುವಿನ ಜಾಗಕ್ಕೆ ಯಾವ ಬಣ್ಣ ಬಳಿಯುವುದು ಎಂದು ತಿಳಿಯದೆಯೋ ಏನೋ, ಅದನ್ನು ಬಿಳಿಯಾಗಿಯೇ ಬಿಟ್ಟಿದ್ದಾರೆ.

ಚಿತ್ರದಲ್ಲಿ ಮೂರು ವೃತ್ತ, ರಸ್ತೆಯಲ್ಲಿ ಮೂರು ಜೀಪು. ಸೋಮವಾರ ಕಾಡಿನ ವಿಭಾಗ, ಬುಧವಾರ ಆರೋಗ್ಯ, ಶುಕ್ರವಾರ ಸಂಪಾದನೆ. ಮೂರೂ ವಿಭಾಗಗಳ ಅಂಕಿಗಳನ್ನು ಒಟ್ಟು ಮಾಡುವವಳು ನಾನು, ಆದ್ದರಿಂದ ಮೂರೂ ಜೀಪುಗಳ ಹಿಂದಿನ ಸೀಟು ನನಗೆ ಪರಿಚಿತ. "ನಿಮ್ಮದು ಒಂದೇ ಮನೆಗೆ ಮೂರು ಕಡೆಯಿಂದ ದಿಬ್ಬಣ ಬಂದ ಹಾಗೆ. ಯಾರಿಗೆ ಆರತಿ ಎತ್ತುದು, ಯಾರಿಗೆ ನೀರು ಕೊಡುದು?" ಎಂದು ಆಶಾ ಕಾರ್ಯಕರ್ತೆ ಗೇಲಿ ಮಾಡುತ್ತಿದ್ದರು. ಬೈಲಿನಲ್ಲಿ ಎಲ್ಲರಿಗೂ ಅವರು ಆಶಾಕ್ಕ. ಐವತ್ತರ ಆಸುಪಾಸು, ಮನೆಮಾತು ತುಳು. ಏರಿನಲ್ಲಿ ನಮ್ಮ ಜೀಪಿಗಿಂತ ಬೇಗ ನಡೆಯುತ್ತಾರೆ.

ಹಾಳೆ ಶೆಡ್ಡು ಸಂಪಾದನೆಯ ವಿಭಾಗದ್ದು. ಅಡಿಕೆ ಮರದ ಸೋಗೆಯ ಬುಡದಲ್ಲಿ ಅಗಲವಾಗಿ ಮರವನ್ನು ಅಪ್ಪಿಕೊಂಡಿರುವ ಹಾಳೆ ಸೋಗೆಯೊಂದಿಗೆ ತಾನಾಗಿ ಉದುರುತ್ತದೆ. ಒಣಗಿದಾಗ ಪುಟ್ಟ ದೋಣಿಯ ಆಕಾರ. ಅದನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಊಟದ ತಟ್ಟೆ. ಆ ಬೈಲಿನ ಶೆಡ್ಡಿನಲ್ಲಿ ಒಂದು ಯಂತ್ರ, ನಾಲ್ಕು ಹೆಂಗಸರು. ಮುಂದೆ ನಿಂತು ನಡೆಸುವವರು ಬ್ಯಾರಿ ಮುಸ್ಲಿಮರ ಮನೆಯ ಒಬ್ಬ ಅಕ್ಕ. ಅವರ ಗಂಡ ಗಲ್ಫಿನಲ್ಲಿ ಅಡುಗೆ ಕೆಲಸದಲ್ಲಿದ್ದು, ಬೆನ್ನು ನೋವು ಜೋರಾಗಿ ಊರಿಗೆ ಮರಳಿದವರು. ಈಗ ತಟ್ಟೆ ಎಣಿಸಿ ಕಟ್ಟು ಕಟ್ಟುವುದು ಅವರ ಪಾಲಿನ ಕೆಲಸ.

ಶೆಡ್ಡು ಬರುವ ಮೊದಲು ಅಕ್ಕ ಕಾಡಿಗೆ ಹೋಗುತ್ತಿದ್ದರು. ಸೀಗೆಕಾಯಿ, ಕಟ್ಟಿಗೆ, ಕಾಡು ಜಾಯಿಕಾಯಿಯಂಥ ರಾಂಪತ್ರೆ. ರಾಂಪತ್ರೆ ಕಾಯಿ ಮರದಲ್ಲೇ ಒಡೆಯುವವರೆಗೆ ಬಿಟ್ಟರೆ ಬೀಜಕ್ಕೆ ಸುತ್ತಿಕೊಂಡ ಪತ್ರೆ ಒಳ್ಳೆಯದು ಸಿಗುತ್ತದೆ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗೂ ಪಾಲು ಉಳಿಯುತ್ತದೆ, ನಾಲ್ಕು ಬೀಜ ನೆಲಕ್ಕೂ ಬೀಳುತ್ತದೆ. ಆದರೆ ಇವತ್ತು ತಾನು ಬಿಟ್ಟರೆ ನಾಳೆ ಇನ್ನೊಬ್ಬರು ಕೊಯ್ಯುತ್ತಾರೆ ಎಂದು ಎಲ್ಲರೂ ಎಳೆಯದನ್ನೇ ಕೊಯ್ಯುತ್ತಿದ್ದರು. ಶೆಡ್ಡು ನಡೆಯತೊಡಗಿದ ಮೇಲೆ ನಾಲ್ಕು ಮನೆಯವರು ಎಳೆಕಾಯಿಗೆ ಹೋಗುವುದನ್ನು ಬಿಟ್ಟರು. ಇದನ್ನು ನಾನು ವರದಿಯಲ್ಲಿ ಉತ್ಸಾಹದಿಂದ ಬರೆಯುವಾಗ ಅಕ್ಕ ಬಗ್ಗಿ ನೋಡಿ ಹೇಳಿದ್ದರು:

"ನಾನು ಕಾಡಿಗೆ ಹೋಗುದು ಬಿಟ್ಟದ್ದು ಮಂಗಟ್ಟೆ ಮೇಲಿನ ಪ್ರೀತಿಯಿಂದ ಅಲ್ಲ ತಂಗಿ, ಮೊಣಕಾಲು ನೋವಿನಿಂದ. ನೀನು ಬೇಕಾದ ಹಾಗೆ ಬರ್ಕೋ."

ಮೊಣಕಾಲು ನೋವಿದ್ದರೂ ಶೆಡ್ಡು ಮುಚ್ಚಿದರೆ ಅವರು ಮತ್ತೆ ಗುಡ್ಡ ಹತ್ತಲೇಬೇಕು. ಅದು ಅವರಿಗೂ ಗೊತ್ತಿತ್ತು, ನನಗೂ.

ಮಂಗಳವಾರ ಮಧ್ಯಾಹ್ನ ಕಚೇರಿಗೆ ಹೋಗುವಷ್ಟರಲ್ಲಿ ನಮ್ಮ ಆರೋಗ್ಯ ವಿಭಾಗದ ಡಾಕ್ಟರರಿಗೆ ಸುದ್ದಿ ಮುಟ್ಟಿತ್ತು. ಅವರು ಕೆಟ್ಟವರಲ್ಲ, ಅವಸರದವರು. ಆ ಮಳೆಗಾಲ ಡೆಂಗಿಯ ಹೆದರಿಕೆ ಎಲ್ಲ ಕಡೆಯೂ ಇತ್ತು.

"ಶೆಡ್ಡಿನಲ್ಲಿ ದಿನಾ ನೀರಿನ ತೊಟ್ಟಿ ತುಂಬ್ತಾರೆ. ಶೆಡ್ಡಿನವಳಿಗೇ ಜ್ವರ ಬಂದಿದೆ. ಬೈಲಿನಲ್ಲಿ ಒಬ್ಬಳು ಬಸುರಿ ಇದ್ದಾಳೆ. ನಾಲ್ಕನೇ ಜ್ವರ ಅವಳಿಗೆ ಬಂದ್ರೆ ಉತ್ತರ ಕೊಡುವವರು ಯಾರು?" ಎಂದರು. ಇಪ್ಪತ್ತನೇ ತಾರೀಕು ಬೈಲಿನವರನ್ನೆಲ್ಲ ಕರೆದು ಸಭೆ, ಶೆಡ್ಡು ಇರಬೇಕೋ ಬೇಡವೋ ಅಲ್ಲಿ ತೀರ್ಮಾನ, ಅಲ್ಲಿಯವರೆಗೆ ಯಂತ್ರ ಬಂದ್. ಬೇಡ ಅಂತಾದರೆ ಯಂತ್ರವನ್ನು ಕಳಚಿ ಬೇರೆ ಊರಿಗೆ ಸಾಗಿಸುವುದು.

ಬುಧವಾರ ನನ್ನ ಮಾತಿಗೆ ಜಾಗವಿರಲಿಲ್ಲ, ಅದು ಆರೋಗ್ಯದ ಜೀಪಿನ ದಿನ. ಗುರುವಾರ ಯಾವ ಜೀಪಿನದ್ದೂ ಅಲ್ಲ. ಹನ್ನೆರಡನೇ ತಾರೀಕು ಸ್ಕೂಟರಿನಲ್ಲಿ ನಾನೊಬ್ಬಳೇ ಹೋದೆ. ಆಶಾಕ್ಕ ಶೆಡ್ಡಿನ ಮುಂದೆ ಕೊಡೆ ಹಿಡಿದು ಕಾಯುತ್ತಿದ್ದರು. ಅದೇ ಮೊದಲ ಸಲ ನಾವಿಬ್ಬರು ಯಾವ ವಿಭಾಗಕ್ಕೂ ಸೇರದೆ ಬೈಲಿನಲ್ಲಿ ಓಡಾಡಿದ್ದು.

ಮೊದಲು ತೊಟ್ಟಿ. ಅಕ್ಕ ಟಾರ್ಚು ತಂದು ಕೈಗೆ ಕೊಟ್ಟರು. ಪ್ರತಿ ಸಂಜೆ ಖಾಲಿ ಮಾಡಿ ತೆಂಗಿನ ನಾರಿನಲ್ಲಿ ತಿಕ್ಕುವ ತೊಟ್ಟಿ ಅದು. ತಳ ಒಣಗಿ ಬಿಳಿಯಾಗಿತ್ತು.

"ಸರಿಯಾಗಿ ನೋಡಿ. ಬೇಕಾದ್ರೆ ನೀರು ತುಂಬಿಸಿ ಕೊಡ್ತೇನೆ, ಮುಖ ತೊಳ್ಕೊಳ್ಳಿ," ಎಂದರು ಅಕ್ಕ.

"ನಿನ್ನ ಮೇಲೆ ಸಂಶಯ ಇದ್ರೆ ನಾನು ಫೋನ್ ಯಾಕೆ ಮಾಡ್ಲಿ? ಕೋಪ ಆಮೇಲೆ ಮಾಡು, ಈಗ ದಾರಿ ಬಿಡು," ಎಂದು ಆಶಾಕ್ಕ ಕೊಡೆ ಬಿಡಿಸಿದರು.

ನಾವು ಮನೆಗಳಿಗೆ ಹೊರಟೆವು. ಮೊದಲ ಮನೆಯ ಅಜ್ಜಿ ಅಂಗಳದಿಂದಲೇ "ಬನ್ನಿ ಬನ್ನಿ, ಒದ್ದೆಯಾಗಿದ್ದೀರಿ" ಎಂದು ಒಳಗೆ ಹೋಗಿ ಬೆಲ್ಲ ನೀರು ತಂದರು. ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಿಗೆ ಕೂರುವುದಿಲ್ಲ ನಮ್ಮ ಕಡೆ. ಲೋಟ ಕೈಯಲ್ಲಿ ಹಿಡಿದೇ ನಾನು ದನದ ಹಟ್ಟಿಯ ಬದಿಗೆ ಹೋದೆ. ಡ್ರಮ್ಮಿಗೆ ಬಟ್ಟೆ ಕಟ್ಟಿದ್ದರು. ಟಯರು ಇರಲಿಲ್ಲ. ಗೋಡೆಯ ಉದ್ದಕ್ಕೂ ಒಂದರ ಪಕ್ಕ ಒಂದು, ಬಹಳ ಅಚ್ಚುಕಟ್ಟಾಗಿ, ಒಳಮೈ ಆಕಾಶಕ್ಕೆ ಮಾಡಿ ಇಟ್ಟ ಹಾಳೆಗಳ ಸಾಲು. ಒಂದನ್ನು ಮೆಲ್ಲ ಓರೆ ಮಾಡಿದೆ. ಅಂಗೈಯಷ್ಟು ನೀರು. ನೀರಿನಲ್ಲಿ ಸೊಳ್ಳೆ ಮರಿಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು.

"ಅಯ್ಯೋ ಮಗಾ, ಅದನ್ನು ಮುಟ್ಟಬೇಡ!" ಅಜ್ಜಿ ಹಿಂದಿನಿಂದ ಕೂಗಿದರು. "ಅದು ಶೆಡ್ಡಿನ ಅಕ್ಕನಿಗೆ ಅಂತ ಇಟ್ಟದ್ದು. ಅಲ್ಲಿ ಜಾಗ ಇಲ್ಲ, ಸ್ವಲ್ಪ ದಿನ ನಿಲ್ಲಿ ಅಂತ ಹೇಳಿದ್ಲು. ಈಗ ಪಾಪ, ಮೆಷಿನೂ ನಿಲ್ಲಿಸಿದ್ದಾರಂತೆ. ನಾವಾದ್ರೂ ಒಂದು ಹಾಳೆ ಹಾಳು ಮಾಡದೆ ಎತ್ತಿಟ್ಟು ಕೊಡ್ಬೇಕಲ್ವಾ?"

ಎರಡನೇ ಮನೆಯಲ್ಲಿ ಹಾಳೆ ಬಚ್ಚಲಿನ ಹಿಂದೆ. ಮೂರನೆಯದರಲ್ಲಿ ಬಾವಿಕಟ್ಟೆಯ ಬುಡದಲ್ಲಿ. ಎಲ್ಲ ಕಡೆಯೂ ಅದೇ ಮಾತು, ಅಕ್ಕನಿಗೆ ಅಂತ ಇಟ್ಟದ್ದು. ಬೇಸಗೆಯಲ್ಲಿ ಹಾಳೆಯನ್ನು ಒಳಮೈ ಬಿಸಿಲಿಗೆ ಮಾಡಿಯೇ ಒಣಗಿಸುವುದು, ತಟ್ಟೆಯಲ್ಲಿ ಅನ್ನ ಬೀಳುವುದು ಆ ಮೈಗೇ. ಮೇ ಕೊನೆಗೆ ಶೆಡ್ಡು ತುಂಬಿತು. ಜನ ಹಾಳೆಯನ್ನು ಎಸೆಯಲಿಲ್ಲ, ಒಣಗಿಸಿದ ಹಾಗೆಯೇ ಜೋಪಾನವಾಗಿ ಇಟ್ಟರು. ಅದರ ಮೇಲೆ ಮಳೆ ಬಂತು. ಉಪಕಾರ ಮಾಡಲು ಹೊರಟ ಇಡೀ ಬೈಲು ಮನೆ ಮನೆಯಲ್ಲಿ ಸೊಳ್ಳೆ ಸಾಕಿತ್ತು.

ಹೊರದೇಶದಿಂದ ಬಂದ ನಮ್ಮ ಸಮೀಕ್ಷೆಯ ನಮೂನೆಯಲ್ಲಿ ಹೂಕುಂಡ ಇತ್ತು, ಫ್ರಿಜ್ಜಿನ ಹಿಂದಿನ ತಟ್ಟೆ ಇತ್ತು, ಹಾಳೆ ಇರಲಿಲ್ಲ. ಇರುವುದನ್ನೇ ಹುಡುಕಿಕೊಂಡು ಹೋಗಿದ್ದ ನಮ್ಮ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆಶಾಕ್ಕನೂ ತಲೆ ಕೊಡವಿದರು. "ನಾನು ಡ್ರಮ್ಮು ನೋಡಿದ್ದೇ ನೋಡಿದ್ದು, ಟಯರು ನೋಡಿದ್ದೇ ನೋಡಿದ್ದು. ಈ ವರ್ಷ ಹಾಳೆಗೆ ಬೆಲೆ ಬಂದದ್ದು ನನಗಿಂತ ಮೊದಲು ಸೊಳ್ಳೆಗೆ ಗೊತ್ತಾಯ್ತು ನೋಡು."

ಕೊನೆಗೆ ಮೇಲಿನ ತೋಟದ ಅಣ್ಣನ ಮನೆ. ಬೈಲಿನಲ್ಲಿ ಹೆಚ್ಚು ಅಡಿಕೆ ಅವರದ್ದೇ, ಹೆಚ್ಚು ಮಾತೂ ಅವರದ್ದೇ. ಅವರ ಕಲ್ಲಿನ ಗೋಡೆಯ ಮೇಲೆ ಹಾಳೆಗಳು ದೋಣಿಗಳ ಮೆರವಣಿಗೆಯ ಹಾಗೆ ಸಾಲಾಗಿ ನಿಂತಿದ್ದವು.

"ನೋಡಮ್ಮ," ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿಯೇ ಶುರು ಮಾಡಿದರು, "ಸೋಮವಾರ ಬಂದವರು ಹಾಳೆಯನ್ನು ಮರದ ಬುಡಕ್ಕೆ ಹಾಕಿ, ಮಣ್ಣು ತಂಪಾಗ್ತದೆ ಹೇಳಿದ್ರು. ಬುಧವಾರ ಬಂದವರು ಕಸ ಇಡಬೇಡಿ, ಸುಟ್ಟು ಹಾಕಿ ಹೇಳಿದ್ರು. ಶುಕ್ರವಾರ ಬಂದವರು ಒಂದನ್ನೂ ಬಿಡದೆ ನಮಗೆ ಕೊಡಿ ಹೇಳಿದ್ರು. ನಾನು ಶನಿವಾರ ಎಂತ ಮಾಡುದು?"

"ಶನಿವಾರ ರಜೆ ಅಣ್ಣ," ಎಂದರು ಆಶಾಕ್ಕ.

ನಾನೂ ನಕ್ಕೆ. ಇಳಿಜಾರಿನಲ್ಲಿ ಕೆಳಗೆ ಬರುವಾಗ ಮಾತ್ರ ನಗುವುದಕ್ಕೆ ಏನೂ ಇಲ್ಲ ಅನಿಸಿತು. ಬುಡಕ್ಕೆ ಹಾಕಿ, ಸುಡಿ, ಕೊಡಿ ಎಂದದ್ದೆಲ್ಲ ನಾವೇ. ಮೂರು ಮಾತೂ ಒಂದೊಂದಾಗಿ ಸರಿಯೇ ಇತ್ತು.

ಶೆಡ್ಡಿಗೆ ಮರಳಿದಾಗ ಅಕ್ಕನಿಗೆ ಇದನ್ನು ಹೇಗೆ ಹೇಳುವುದು ಎಂದು ನಮ್ಮಿಬ್ಬರಲ್ಲಿ ಸಣ್ಣ ಜಗಳ. ನೀನು ಹೇಳು, ನೀವೇ ಹೇಳಿ. ಕೆಸರು ಕಾಲು ತೊಳೆಯುವ ನೆಪದಲ್ಲಿ ನಾನು ಶೆಡ್ಡಿನ ಹಿಂದಕ್ಕೆ ಹೋದೆ. ಅಲ್ಲಿ ತಟ್ಟೆಗೆ ಆಗದ ಹಾಳೆಗಳ ಗುಡ್ಡೆ ಬಿದ್ದಿತ್ತು. ಹರಿದದ್ದು, ಮಡಚಿದ್ದು, ಬಣ್ಣ ಕೆಟ್ಟದ್ದು. ಮೇಲಿನದನ್ನು ಎತ್ತಿದೆ. ಅಲ್ಲೂ ಅದೇ ಕುಣಿತ.

ಅಕ್ಕ ನನ್ನ ಹಿಂದೆಯೇ ಬಂದಿದ್ದರು. ನೋಡಿದರು. ಮೆಟ್ಟಿಲ ಮೇಲೆ ಕುಳಿತರು.

"ತೊಟ್ಟಿ ತೊಟ್ಟಿ ಅಂತ ದಿನಾ ತಿಕ್ಕಿದ್ದೇ ತಿಕ್ಕಿದ್ದು ನಾನು. ಹಿಂದೆ ಬಂದು ನೋಡ್ಲೇ ಇಲ್ಲ," ಎಂದರು. ಜ್ವರದಲ್ಲಿ ಮಲಗಿದ್ದ ಹೆಂಗಸು ಅವರಿಗೆ ತಂಗಿಯ ಹಾಗೆ, ಒಂದೇ ಬುತ್ತಿಯಲ್ಲಿ ಇಬ್ಬರ ಊಟ.

ಆಮೇಲೆ ಮನೆಗಳ ಸಂಗತಿಯನ್ನೂ ಹೇಳಲೇಬೇಕಾಯಿತು. ಅಕ್ಕ ಒಂದೇ ಮಾತು ಕೇಳಿದರು. "ಎಲ್ಲ ನನಗೆ ಅಂತ ಇಟ್ಟದ್ದಾ?"

"ನಿನಗೇ," ಎಂದರು ಆಶಾಕ್ಕ. "ಇಷ್ಟು ಪ್ರೀತಿ ನನಗೆ ಯಾರೂ ತೋರಿಸ್ಲಿಲ್ಲ ಈ ಊರಿನಲ್ಲಿ."

ಅಕ್ಕ ನಗಲಿಲ್ಲ. ಇಪ್ಪತ್ತನೇ ತಾರೀಕಿನ ಸಭೆಯಲ್ಲಿ ಮೈಕಿನಲ್ಲಿ ಎಲ್ಲ ವಿಷಯ ಹೇಳಿಬಿಡೋಣ, ತೊಟ್ಟಿಯದ್ದು ತಪ್ಪಲ್ಲ ಅಂತ ತಿಳಿದರೆ ಶೆಡ್ಡು ಉಳಿಯುತ್ತದೆ ಎಂಬುದು ಆಶಾಕ್ಕನ ಲೆಕ್ಕ. ನನ್ನದೂ ಅದೇ. ಅಕ್ಕ ಒಪ್ಪಲಿಲ್ಲ.

"ಹಾಗೆ ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ನಮ್ಮ ಮನೆಯಿಂದ ಜ್ವರ ಬಂತು ಅಂತ ಮೈಕಿನಲ್ಲಿ ಕೇಳ್ಲಿಕ್ಕೆ ಯಾರಿಗೆ ಇಷ್ಟ ಉಂಟು? ಶೆಡ್ಡು ಉಳೀಬಹುದು. ಮಾರನೇ ದಿನದಿಂದ ಒಂದು ಹಾಳೆ ಸಿಗುದಿಲ್ಲ. ಹಾಳೆ ಇಲ್ಲದ ಶೆಡ್ಡು ಎಂತಕ್ಕೆ, ಕೋಳಿ ಸಾಕ್ಲಿಕ್ಕಾ?"

ಮಳೆ ಜೋರಾಯಿತು. ಮೂವರೂ ಶೆಡ್ಡಿನ ಮಾಡಿನ ಕೆಳಗೆ ಸರಿದು ಆ ಗುಡ್ಡೆಯನ್ನೇ ನೋಡುತ್ತಾ ನಿಂತೆವು. ಆಶಾಕ್ಕ ಸುಮ್ಮನೆ ಕೇಳಿದರು, "ಅಲ್ಲ ಮಾರಾಯ್ತಿ, ಇಷ್ಟು ಹಾಳೆ ಹಾಳಾದದ್ದು ಯಾಕೆ?"

"ಕಪ್ಪು ಚುಕ್ಕೆ. ಮೇ ತಿಂಗಳ ಮಳೆ ಬಿದ್ದ ಮೇಲೆ ಬಂದದ್ದರಲ್ಲಿ ಅರ್ಧಕ್ಕರ್ಧ ಹೀಗೇ. ಒತ್ತಿದ್ರೆ ಚುಕ್ಕೆ ತಟ್ಟೆಯಲ್ಲಿ ಎದ್ದು ಕಾಣ್ತದೆ. ಒದ್ದೆ ಹಾಳೆ..." ಅಕ್ಕ ಅಲ್ಲಿಗೇ ನಿಂತರು.

ಹಾಳೆಗೆ ಚುಕ್ಕೆ ತಂದ ನೀರೂ ಸೊಳ್ಳೆಗೆ ಮನೆಯಾದ ನೀರೂ ಒಂದೇ. ಮೂವರಿಗೂ ಅದು ಒಟ್ಟಿಗೇ ಹೊಳೆಯಿತು ಅಂತ ಕಾಣುತ್ತದೆ, ಯಾರು ಮೊದಲು ಬಾಯಿಬಿಟ್ಟದ್ದು ಎಂದು ನನ್ನ ದಿನಚರಿಯಲ್ಲಿಯೂ ಇಲ್ಲ. ಹರಿದ ಹಾಳೆಗಳನ್ನು ಎಂತ ಮಾಡುವುದು ಎಂದು ಕಾಡಿನ ವಿಭಾಗದ ಸಹೋದ್ಯೋಗಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕೊಡಗಿನ ಗಡಿಯ ಕಡೆಯವರು, ಅರೆಭಾಷೆ ಮಾತಾಡುವ ಮನೆಯವರು. "ಸುಡುದು ಬೇಡ. ಕತ್ತಿಯಲ್ಲಿ ಉದ್ದಕ್ಕೆ ಸೀಳಿ ಮರದ ಬುಡಕ್ಕೆ ಹಾಕ್ಲಿ. ಸೀಳಿದ್ರೆ ನೀರು ನಿಲ್ಲುದಿಲ್ಲ, ನಮ್ಮ ಮಣ್ಣಿಗೂ ಆಯ್ತು, ಡಾಕ್ಟ್ರಿಗೂ ಆಯ್ತು," ಎಂದರು. ಮೂರು ವೃತ್ತಗಳ ವಿಷಯವೂ ಒಂದೇ ಮಾತಿನಲ್ಲಿ ಕೂಡಿ ಬಂದದ್ದು ನಾನು ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು.

ಮರುದಿನದಿಂದ ಅಕ್ಕ ಮನೆ ಮನೆಗೆ ಹೊರಟರು. ಚೀಲದಲ್ಲಿ ಎರಡು ತಟ್ಟೆ, ಒಂದು ಹಾಲು ಬಣ್ಣದ್ದು, ಒಂದು ಚುಕ್ಕೆ ಬಿದ್ದದ್ದು. ನಾನೂ ಆಶಾಕ್ಕನೂ ಬಿಡುವಾದಾಗ ಜೊತೆಗೆ. ಅವರ ಕ್ರಮ ಎಲ್ಲ ಮನೆಯಲ್ಲೂ ಒಂದೇ. ಬೆಲ್ಲ ನೀರು ಪೂರ್ತಿ ಕುಡಿಯುವುದು. ಮಕ್ಕಳ ಶಾಲೆ, ದನದ ಹಾಲು ವಿಚಾರಿಸುವುದು. ಹಾಳೆ ಎತ್ತಿಟ್ಟದ್ದಕ್ಕೆ ಮನಸ್ಸು ತುಂಬಿ ಉಪಕಾರ ಹೇಳುವುದು. ಆಮೇಲೆ ತನ್ನದೇ ಶೆಡ್ಡಿನ ಹಿಂದಿನ ಗುಡ್ಡೆಯ ಕಥೆ ತೆಗೆಯುವುದು.

ಅಜ್ಜಿಯ ಮನೆಯಲ್ಲಿ ಹೇಳಿದ್ದು ನನಗೆ ಈಗಲೂ ಬಾಯಿಪಾಠ. "ನನ್ನ ಶೆಡ್ಡಿನ ಹಿಂದೆ ಹುಳ ಕುಣೀತಿತ್ತು ಅಮ್ಮ. ನನಗೆ ಗೊತ್ತೇ ಇರ್ಲಿಲ್ಲ. ಹಾಳೆಯನ್ನು ಹೊಟ್ಟೆ ಮೇಲೆ ಮಾಡಿ ಇಟ್ಟಿದ್ದೆ, ನೀರು ನಿಂತಿತು. ಹಾಳೆಗೂ ಚುಕ್ಕೆ, ನಮ್ಮವಳಿಗೂ ಜ್ವರ. ನೋಡಿ, ಇದು ನೀರು ಕುಡಿದ ಹಾಳೆಯ ತಟ್ಟೆ. ಇದು ಒಣಗಿದ್ದು."

ಅಜ್ಜಿ ಎರಡೂ ತಟ್ಟೆಗಳನ್ನು ತಿರುಗಿಸಿ ನೋಡಿದರು. "ಇದರಲ್ಲಿ ಯಾರು ಉಣ್ತಾರೆ? ಮದುವೆ ಮನೆಯಲ್ಲಿ ಹಾಕಿದ್ರೆ ಮರ್ಯಾದೆ ಹೋಗ್ತದೆ," ಎಂದರು. ನಾವು ಅಂಗಳ ದಾಟುವ ಮೊದಲೇ ಹಿಂದೆ ಹಾಳೆ ಮಗುಚುವ ಸದ್ದು ಕೇಳಿತು. ಒಂದೊಂದನ್ನೇ ಕವುಚಿ, ಹೊಟ್ಟೆ ಕೆಳಗೆ ಬೆನ್ನು ಮೇಲೆ ಮಾಡಿ, ಮಾಡಿನ ಕೆಳಗೆ ಜೋಡಿಸುತ್ತಿದ್ದರು.

ಆಶಾಕ್ಕನಿಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚು ಹೆಚ್ಚು. "ಸೊಳ್ಳೆ ಸೊಳ್ಳೆ ಹೇಳಿ ಇಷ್ಟು ವರ್ಷ ಗಂಟಲು ಹರ್ಕೊಂಡೆ. ಒಬ್ಬರೂ ಒಂದು ತೆಂಗಿನ ಗೆರಟೆ ಕವುಚ್ಲಿಲ್ಲ. ನೀನು ಒಂದು ಚುಕ್ಕೆ ತೋರಿಸಿದ್ದಕ್ಕೆ ಇಡೀ ಬೈಲು ಕವುಚಿತು."

"ನಿಮ್ಮದು ಬರೀ ಹೆದರಿಸುದು ಆಶಾಕ್ಕ. ನನ್ನದು ಸ್ವಲ್ಪ ಆಸೆ ತೋರಿಸುದು," ಎಂದರು ಅಕ್ಕ. ಆ ವಾರ ಅವರು ಮೊದಲ ಸಲ ನಕ್ಕದ್ದು ಆಗ.

ಮೇಲಿನ ತೋಟದ ಅಣ್ಣ ಮಾತ್ರ ಸುಲಭಕ್ಕೆ ಸಿಗಲಿಲ್ಲ. ತಟ್ಟೆ ನೋಡಿದರು, ಗೋಡೆಯ ಮೇಲಿನ ದೋಣಿಗಳನ್ನು ನೋಡಿದರು. "ಅಂದ್ರೆ ನನ್ನ ಮನೆಯ ಸೊಳ್ಳೆಯೇ ಕಚ್ಚಿತು ಅಂತ ನೀನು ಹೇಳುದಾ?"

ಅಕ್ಕನ ಮುಖ ಸಣ್ಣದಾಯಿತು. ಅವರು ಹೆದರಿದ್ದದ್ದು ಇದೇ ಪ್ರಶ್ನೆಗೆ. ಅಣ್ಣನ ತೋಟದ ಹಾಳೆ ಇಲ್ಲದೆ ಶೆಡ್ಡು ವಾರವೂ ನಡೆಯುವುದಿಲ್ಲ. ಮೆಲ್ಲಗೆ ಹೇಳಿದರು, "ಸೊಳ್ಳೆಗೆ ಯಾರ ಮನೆ ಅಂತ ಹೆಸರು ಬರೆದಿರುದಿಲ್ಲ ಅಣ್ಣ. ಇಪ್ಪತ್ತಕ್ಕೆ ನನ್ನ ಶೆಡ್ಡು ಮುಚ್ಚಬಹುದು. ಮುಚ್ಚಿದ್ರೂ ನೀವು ಇದನ್ನು ಕವುಚಿಯೇ ಇಡಿ. ಬಸುರಿ ಹೆಣ್ಣು ಇರುವ ಬೈಲು."

ಅಣ್ಣ ಎರಡೂ ತಟ್ಟೆಗಳನ್ನು ಅಕ್ಕನ ಕೈಗೆ ಮರಳಿ ಕೊಟ್ಟರು. ನಾವು ಹೊರಟೆವು. ಗೋಡೆಯ ಮೇಲಿನ ದೋಣಿಗಳು ಹಾಗೆಯೇ ಇದ್ದವು. ಕವುಚಿದ ಮನೆಗೆ ಹಾಕುವ ಗೀಟನ್ನು ದಿನಚರಿಯಲ್ಲಿ ಆ ಮನೆಯ ಮುಂದೆ ಹಾಕದೆ ಬಿಟ್ಟೆ.

ಇಪ್ಪತ್ತನೇ ತಾರೀಕು, ಶುಕ್ರವಾರ. ಅಂಗನವಾಡಿಯ ಜಗಲಿಯಲ್ಲಿ ಸಭೆ. ನಾನು ಅಂಗಲಾಚಿದ್ದಕ್ಕೆ ಡಾಕ್ಟರರು ಎರಡು ಗಂಟೆ ಮೊದಲೇ ಬಂದು ನಮ್ಮೊಂದಿಗೆ ಮನೆಗಳನ್ನು ಸುತ್ತಿದರು. ಕಾಡಿನ ವಿಭಾಗದವರೂ ಬಂದರು. ಹಲಸಿನ ಮರದ ಕೆಳಗೆ ಮೂರು ಜೀಪುಗಳು ಒಟ್ಟಿಗೆ ನಿಂತದ್ದನ್ನು ನೋಡಿ ಮಂತ್ರಿ ಬರುತ್ತಾರೆ ಅಂತ ಯಾರೋ ಸುದ್ದಿ ಹಬ್ಬಿಸಿ ಜನ ಹೆಚ್ಚೇ ಸೇರಿದ್ದರು.

ಮನೆಗಳಲ್ಲಿ ಹಾಳೆ ಕವುಚಿತ್ತು. ಡಾಕ್ಟರರು ತಾವೇ ಬಗ್ಗಿ ಮಗುಚಿ ಮಗುಚಿ ನೋಡಿದರು. ಒಣಗಿತ್ತು. ಅಜ್ಜಿ ಅವರ ಕೈಯಿಂದ ಹಾಳೆ ಕಿತ್ತುಕೊಂಡು, "ನೋಡಿದ ಮೇಲೆ ಇದ್ದ ಹಾಗೇ ಇಡ್ಬೇಕು ಡಾಕ್ಟ್ರೆ," ಎಂದು ತಿದ್ದಿದರು.

ಸಭೆಯಲ್ಲಿ ಡಾಕ್ಟರರು ತಾವು ಕಂಡದ್ದನ್ನು ಹೇಳಿದರು. ಆದರೂ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಈ ತಲೆನೋವೇ ಬೇಡ. ಶೆಡ್ಡು ಬಂದ ಮೇಲೆಯೇ ಜ್ವರ ಬಂದದ್ದು. ಮೆಷಿನು ತೆಕ್ಕೊಂಡು ಹೋಗ್ಲಿ," ಎಂದರು. ಒಂದೆರಡು ತಲೆಗಳು ಆಡಿದವು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದರು. ತನ್ನ ಪರವಾಗಿ ಮಾತಾಡಲು ಅವರು ಏಳಲೇ ಇಲ್ಲ.

ಎದ್ದವರು ಮೇಲಿನ ತೋಟದ ಅಣ್ಣ.

"ಒಂದು ಮಾತು ಕೇಳ್ತೇನೆ. ಶೆಡ್ಡು ಮುಚ್ಚಿದ್ರೆ ನನ್ನ ಮರ ಹಾಳೆ ಬೀಳಿಸುದು ನಿಲ್ಲಿಸ್ತದಾ?" ಸುತ್ತ ಒಮ್ಮೆ ಕಣ್ಣಾಡಿಸಿದರು. "ಇಲ್ಲ ಅಲ್ವಾ? ಇಷ್ಟು ವರ್ಷವೂ ಬೀಳ್ತಿತ್ತು, ತೋಟದಲ್ಲೇ ಅಂಗಾತ ಬಿದ್ದು ನೀರು ತುಂಬ್ತಿತ್ತು. ಆಗ ಯಾರೂ ಹೋಗಿ ನೋಡ್ಲಿಲ್ಲ. ಈಗ ಒಬ್ಬಳು ಹೆಕ್ಕಿಸ್ತಾಳೆ, ಒಬ್ಬಳು ಬಗ್ಗಿ ನೋಡ್ತಾಳೆ. ಮೆಷಿನು ಹೋದ್ರೆ ಹೆಕ್ಕುವವರೂ ಇಲ್ಲ, ನೋಡುವವರೂ ಇಲ್ಲ. ಸೊಳ್ಳೆಗೆ ಹಬ್ಬ." ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ನಾನೂ ನಿನ್ನೆ ಸಂಜೆ ಕವುಚಿದೆ ಮಾರಾಯ್ರೆ. ಹುಳ ಇತ್ತು," ಎಂದು ಕುಳಿತರು.

ಡಾಕ್ಟರರು ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ಶೆಡ್ಡು ಇರ್ಲಿ. ಆದರೆ ಹಾಳೆ ಮನೆಯಲ್ಲಿ ವಾರಕ್ಕಿಂತ ಹೆಚ್ಚು ಕೂರುದು ಬೇಡ. ಗುರುವಾರ ಗುರುವಾರ ಎತ್ತಿ. ಎತ್ತುವಾಗ ಆಶಾ ಅಕ್ಕ ಜೊತೆಗೆ ಇರ್ಲಿ." ಕಾಡಿನ ವಿಭಾಗದವರು ಹರಿದದ್ದನ್ನು ಸೀಳಿ ಬುಡಕ್ಕೆ ಹಾಕುವ ಕೆಲಸವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಶೆಡ್ಡಿನ ಬದಿಗೆ ಇನ್ನೊಂದು ಮಾಡು ಇಳಿಸಲು ಸಂಪಾದನೆಯವರು ಒಪ್ಪಿದರು. ಯಾವ ಜೀಪಿನದ್ದೂ ಅಲ್ಲದ ಗುರುವಾರ ಅಂದಿನಿಂದ ಮೂರೂ ಜೀಪುಗಳ ದಿನವಾಯಿತು. ಹೆಚ್ಚಾಗಿ ಒಂದೇ ಜೀಪಿನಲ್ಲಿ ಎಲ್ಲರೂ ತುರುಕಿಕೊಂಡು ಹೋಗುತ್ತೇವೆ, ಹಿಂದಿನ ಸೀಟಿನಲ್ಲಿ ನನಗೆ ಜಾಗ ಮೊದಲಿಗಿಂತ ಕಡಿಮೆ.

ಅಕ್ಕ ಸಭೆ ಮುಗಿದ ಮೇಲೆ ನೇರ ಶೆಡ್ಡಿಗೆ ಹೋದರು. ಅರ್ಧ ಗಂಟೆಯಲ್ಲಿ ಅಚ್ಚು ಬಿಸಿಯಾಗಿ ಹಾಳೆ ಬೆಂದ ವಾಸನೆ ರಸ್ತೆಯವರೆಗೆ ಬಂತು.

ಜ್ವರ ಬಂದಿದ್ದ ಮೂವರೂ ಚೇತರಿಸಿಕೊಂಡರು. ಶೆಡ್ಡಿನ ಹೆಂಗಸು ಜುಲೈ ಮೊದಲ ವಾರ ಕೆಲಸಕ್ಕೆ ಮರಳಿದಾಗ ಅಕ್ಕ ಅವರನ್ನು ಯಂತ್ರದ ಹತ್ತಿರ ಬಿಡದೆ ಹದಿನೈದು ದಿನ ಬರೀ ತಟ್ಟೆ ಒರೆಸಲು ಕೂರಿಸಿದ್ದರು. ಬಸುರಿ ಹೆಂಗಸಿಗೆ ಆಗಸ್ಟಿನಲ್ಲಿ ಹೆಣ್ಣು ಮಗು. ದೀಪಾವಳಿಯವರೆಗೆ ಆ ಬೈಲಿನಲ್ಲಿ ಹೊಸ ಡೆಂಗಿ ಕಾಣಿಸಲಿಲ್ಲ. ಹಾಳೆ ಕವುಚಿದ್ದರಿಂದಲೇ ಹೀಗಾಯಿತು ಎಂದು ನಾನು ಬರೆಯುವ ಹಾಗಿಲ್ಲ. ಒಂದು ಬೈಲು, ಒಂದು ಮಳೆಗಾಲ, ಅಷ್ಟರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಡಾಕ್ಟರರೂ ಎಚ್ಚರಿಸಿದ್ದಾರೆ. ಆದರೆ ಹಾಳೆಯೊಳಗೆ ನೀರು ಇಲ್ಲದ್ದನ್ನು ಪ್ರತಿ ಗುರುವಾರ ಕಣ್ಣಾರೆ ಕಂಡು ಬರೆದುಕೊಂಡಿದ್ದೇನೆ. ಎಳೆ ರಾಂಪತ್ರೆಗೆ ಆ ನಾಲ್ಕು ಮನೆಯವರು ಈ ವರ್ಷವೂ ಹೋಗಲಿಲ್ಲ.

ನಮೂನೆಗೆ ಹಾಳೆ ಎಂದು ಒಂದು ಹೊಸ ಸಾಲು ಸೇರಿಸಿ ಕಳಿ‌ಸಿದಾಗ ಹೊರದೇಶದ ಕಚೇರಿಯಿಂದ ಇದೇನು ಎಂದು ಪ್ರಶ್ನೆ ಬಂತು. ಫೋಟೋ ಕಳಿಸಿದೆ. ಇದು ಕಾಡಿನ ವೃತ್ತಕ್ಕೆ ಸೇರುತ್ತದೋ, ಆರೋಗ್ಯದ್ದಕ್ಕೋ, ಸಂಪಾದನೆಯದ್ದಕ್ಕೋ ಎಂದು ಮರಳಿ ಕೇಳಿದರು. ನಡುವಿನ ಬಿಳಿ ಜಾಗಕ್ಕೆ ಎಂದು ಉತ್ತರಿಸಿದೆ. ಅದಕ್ಕೆ ಈವರೆಗೆ ಮಾರುತ್ತರ ಬಂದಿಲ್ಲ.

ಈ ಜನವರಿಯಲ್ಲಿ ಹಾಳೆ ಮತ್ತೆ ಉದುರತೊಡಗಿದಾಗ ಕಡಬ ತಾಲೂಕಿನ ಪೆರಾಬೆಯಲ್ಲಿ ಇನ್ನೊಂದು ಶೆಡ್ಡು ಶುರು ಮಾಡುವ ಮಾತು ಬಂತು. ಅಲ್ಲಿನ ಹೆಂಗಸರಿಗೆ ಕೆಲಸ ತೋರಿಸಲು ಅಕ್ಕನನ್ನು ಜೀಪಿನಲ್ಲಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ, "ನನಗೆ ಭಾಷಣ ಮಾಡ್ಲಿಕ್ಕೆ ಬರುದಿಲ್ಲ, ಆಶಾಕ್ಕ ಮಾಡ್ಲಿ," ಎನ್ನುತ್ತಲೇ ಇದ್ದರು. "ನಾನು ಹೆದರಿಸುವವಳಲ್ವಾ, ನನ್ನನ್ನು ಕರೀಬೇಡ," ಎಂದು ಆಶಾಕ್ಕ ಹಳೆಯ ಮಾತನ್ನು ತಿರುಗಿಸಿ ಕೊಟ್ಟರು.

ಮೊದಲ ಮನೆಯಲ್ಲಿ ಬೆಲ್ಲ ನೀರು ಬಂತು. ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ ಹಾಳೆಗಳು ಒಳಮೈ ಮೇಲೆ ಮಾಡಿ ಒಣಗುತ್ತಿದ್ದವು, ಈ ಕಾಲಕ್ಕೆ ಅದೇ ಸರಿ. ಅಕ್ಕ ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಎದ್ದು ಹೋಗಿ ಒಂದು ಒಣಗಿದ ಹಾಳೆಯನ್ನು ಎತ್ತಿ, ಮನೆಯಾಕೆಯ ಕಣ್ಣೆದುರು ಕವುಚಿ, ಮಾಡಿನ ಕೆಳಗೆ ಇಟ್ಟು ತೋರಿಸಿದರು.

"ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ದಿನ ಹೀಗೆ ಮಾಡ್ಬೇಕು. ನಾನು ಒಂದು ವರ್ಷ ಮಾಡ್ಲಿಲ್ಲ. ಅದರ ಕಥೆ ಹೇಳ್ತೇನೆ, ಕೂತ್ಕೊಳ್ಳಿ."

ನಮಗೆ ಇನ್ನೂ ತಿಳಿಯದ ಸಂಗತಿಗಳಿವೆ. ರಾಶಿಗೆ ಹೊದಿಸಿದ ಟಾರ್ಪಾಲು ಹರಿದು ಅದರ ಮಡಿಕೆಯಲ್ಲೇ ನೀರು ನಿಲ್ಲುತ್ತದೆ. ಪ್ಲಾಸ್ಟಿಕ್ಕಿಲ್ಲದೆ, ಹೊಗೆ ಹಾಕದೆ, ಮಳೆಗಾಲವಿಡೀ ಹಾಳೆ ಒಣಗಿರುವಂತೆ ಇಡುವ ಹಿಂದಿನ ಕ್ರಮ ಯಾವುದಾದರೂ ಇತ್ತೇ? ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಚಿಪ್ಪುಗಳಲ್ಲಿ ಮಳೆನೀರು ನಿಲ್ಲದ ಹಾಗೆ ಯಾರಾದರೂ ಯಾವುದಾದರೂ ಊರಿನಲ್ಲಿ ದಾರಿ ಕಂಡುಕೊಂಡಿದ್ದಾರೆಯೇ? ಪುತ್ತೂರು, ಸುಳ್ಯ, ಕಡಬದ ಕಡೆಯವರಾಗಲಿ, ಬೇರೆಯವರಾಗಲಿ, ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ಯಾವ ತಿಂಗಳು, ಎಷ್ಟು ಹಾಳೆ, ಎಷ್ಟು ದಿನ ಉಳಿಯಿತು ಎಂಬುದನ್ನೂ ಬರೆದರೆ ಒಳ್ಳೆಯದು. ಮೊದಲ ಗುಡುಗಿಗೆ ಮುಂಚೆ ಸಿಕ್ಕಿದರೆ ಈ ವರ್ಷವೇ ಎರಡು ಮನೆಗಳಲ್ಲಿ ಮಾಡಿ ನೋಡುತ್ತೇವೆ.